ಪೆಂಗ್ವಿನ್ ನೋಡ್ಲಿಕ್ಕೆ ಮೂರು ದಿನ: ಸಮುದ್ರ ದಂಡಿ ಮನಿಗಳ ಕಥಿ

ಪೆಂಗ್ವಿನ್ ನೋಡ್ಲಿಕ್ಕೆ ಹೊಂಟೇವಿ ಅಂದಕೂಡ್ಲೆ ಓಣಿಯಾಗ ಎಲ್ಲಾರೂ ಕೇಳೋ ಮೊದಲನೇ ಪ್ರಶ್ನಿ ಒಂದ: "ಯವ್ವಾ, ಬರ್ಫದಾಗ ಹೆಂಗ ಅಡ್ಡಾಡ್ತೀರಿ? ಸ್ವೆಟರ್ ಎಷ್ಟು ತುಂಬೀರಿ?" ನಾವು ನೋಡೋ ಪೆಂಗ್ವಿನ್ನಿಗೆ ಸ್ವೆಟರ್ ಬೇಕಾಗಿಲ್ರೀ, ತಲಿಗೆ ಟೊಪಿಗಿ ಬೇಕು. ಇವು ಆಫ್ರಿಕಾದ ಪೆಂಗ್ವಿನ್. ದಕ್ಷಿಣ ಆಫ್ರಿಕಾ ಮತ್ತ ನಮೀಬಿಯಾ ದೇಶದ ಸಮುದ್ರ ದಂಡಿಗೆ, ಬಿಸಿಲಾಗ, ಉಸುಕಿನ ಮ್ಯಾಲೆ ಸಂಸಾರ ಮಾಡೋ ಹಕ್ಕಿ. ಎರಡಡಿಗಿಂತ ಒಂಚೂರು ಎತ್ತರ, ಮೂರು ಕಿಲೋ ಆಸುಪಾಸು ತೂಕ. ಎದಿ ಮ್ಯಾಲಿನ ಕರೀ ಚುಕ್ಕಿ ಒಂದರದ್ದು ಇನ್ನೊಂದಕ್ಕ ಇರಂಗಿಲ್ಲ. ಕಣ್ಣಿನ ಮ್ಯಾಲೆ ಗುಲಾಬಿ ಬಣ್ಣದ ತೊಗಲು ಇರತದ. ಮೈ ಕಾದಾಗ ರಕ್ತ ಅಲ್ಲಿಗೆ ಹೆಚ್ಚು ಹರದು ಗಾಳಿಗೆ ತಂಪಾಗ್ತದ. ದನಿ ಮಾತ್ರ ಕೇಳಬ್ಯಾಡ್ರಿ, ಥೇಟ್ ಕತ್ತಿ ಒದರಿದಂಗ!

ಬರೋ ಏಪ್ರಿಲ್‌ದಾಗ ನಾವು ಐದು ಮಂದಿ ಹೆಣ್ಣಮಕ್ಕಳು ಹೋಗೋದು ಅಂತ ಠರಾಯಿಸೇವಿ: ನಾನು, ನಮ್ಮ ವೈನಿ, ಇಬ್ಬರು ನಾದನಿಯರು, ಮತ್ತ ಎಪ್ಪತ್ತು ದಾಟಿದ ನಮ್ಮ ಕಾಕು. ದೊಡ್ಡ ನಾದನಿ ಮಗಳು ಜೋಹಾನ್ಸ್‌ಬರ್ಗ್‌ದಾಗ ನೌಕರಿ ಮಾಡ್ತಾಳ. ಅಕಿ ಮನಿಯಾಗ ಇಳಕೊಂಡು, ಅಲ್ಲಿಂದ ವಿಮಾನದಾಗ ಎರಡು ತಾಸಿನ ಹಾದಿ ಕೇಪ್‌ಟೌನಿಗೆ. ಅಲ್ಲಿ ಸಿಗೋದು ಬರೇ ಮೂರು ದಿನ. ಮೂರು ದಿನದಾಗ ಏನು ನೋಡೋದು ಅನ್ನೋದಕ್ಕ ಮನಿಯಾಗ ದೊಡ್ಡ ಚರ್ಚಾ ನಡದದ. ಸಣ್ಣ ನಾದನಿ ಅಂತಾಳ, "ಪೆಂಗ್ವಿನ್ ಮುಂದ ಫೋಟೋ ತಗಸಕೊಂಡು, ಪ್ಯಾಟಿ ಅಡ್ಡಾಡಿ ಬಂದುಬಿಡೂಣು." ಕಾಕು ಕೇಳ್ತಾರ, "ಅಷ್ಟು ರೊಕ್ಕಾ ಖರ್ಚು ಮಾಡಿ ಸಮುದ್ರ ದಾಟಿ ಹೋಗಿ ಜೇಲು ಯಾಕ ನೋಡಬೇಕ?" ಕಾಕು ಕೇಳಿದ್ದು ಖರೇನ ಛೊಲೊ ಪ್ರಶ್ನಿ. ಅದಕ್ಕ ಫೋನಿನಾಗ ಉತ್ತರ ಕೊಡ್ಲಿಕ್ಕೆ ಆಗಂಗಿಲ್ಲ, ಇಲ್ಲೆ ಕೂತು ಬರೀಲಿಕ್ಕತ್ತೇನಿ. ನಂದು ಹೇಳೋದು ಒಂದ ಮಾತು: ಆ ದಂಡಿ ಮ್ಯಾಲೆ ಪೆಂಗ್ವಿನ್ ಕಥಿ ಬ್ಯಾರೆ ಅಲ್ಲ, ಮನಿಷಾರ ಕಥಿ ಬ್ಯಾರೆ ಅಲ್ಲ. ಎರಡೂ ಮನಿ ಕಳಕೊಂಡವರ ಕಥಿ.

ಮೊದಲ ಒಂದು ಹಡಗಿನ ಸುದ್ದಿ ಹೇಳ್ತೇನಿ. 1497ರಾಗ ವಾಸ್ಕೋ ಡ ಗಾಮಾ ಪೋರ್ತುಗಾಲದಿಂದ ನಮ್ಮ ದೇಶದ ಹಾದಿ ಹುಡಕ್ಕೋತ ಹೊಂಟಾಗ, ಆಫ್ರಿಕಾದ ತುದಿ ದಾಟಿ ಈಗಿನ ಮಾಸೆಲ್ ಬೇ ಅನ್ನೋ ಕೊಲ್ಲಿಯೊಳಗ ಲಂಗರು ಹಾಕಿದ್ದ. ಹಡಗಿನಾಗಿದ್ದ ಒಬ್ಬವ ದಿನಚರಿ ಬರದಿಟ್ಟಾನ. ಬಾತುಕೋಳಿಯಷ್ಟು ದೊಡ್ಡ ಹಕ್ಕಿ, ಹಾರ್ಲಿಕ್ಕೆ ಬರಂಗಿಲ್ಲ, ಕತ್ತಿಯಂಗ ಒದರತಾವ, ಬೇಕಾದಷ್ಟು ಕೊಂದ್ವಿ ಅನ್ನೋ ಅರ್ಥದಾಗ ಅದರಾಗ ಬರದದ. ಈ ಪೆಂಗ್ವಿನ್ ಬಗ್ಗೆ ಯುರೋಪಿನವರು ಬರದ ಮೊದಲ ಮಾತು ಇದು. ಅದ ಹಡಗು ಮುಂದ 1498ರಾಗ ಕಲ್ಲೀಕೋಟಿ ಮುಟ್ಟಿತು. ತಿರುಗಿ ಹೋಗೋವಾಗ ನಮ್ಮ ಕಾರವಾರದ ಎದುರಿಗಿನ ಅಂಜದೀವ ದ್ವೀಪದಾಗ ಇಳಕೊಂಡು, ನೀರು ತುಂಬಿಕೊಂಡು, ಹಡಗು ದುರಸ್ತಿ ಮಾಡಕೊಂಡು ಹೋತು. ಅಂದ್ರ ನೋಡ್ರಿ, ಆ ಪೆಂಗ್ವಿನ್ ಕಂಡ ಕಣ್ಣು ನಮ್ಮ ಕಾರವಾರದ ದಂಡೀನೂ ಕಂಡಿದ್ದವು. ಆ ಹಾದಿ ಒಮ್ಮೆ ತೆರದ ಮ್ಯಾಲೆ ಮೆಣಸು, ಅರಿವಿ ಅಷ್ಟ ಹೋಗಲಿಲ್ಲ, ನಮ್ಮ ಮಂದೀನೂ ಹೋದ್ರು. ಅದಕ್ಕ ಮೊದಲನೇ ದಿನ ನಾವು ಪೆಂಗ್ವಿನ್ ಕಡೆ ಹೋಗೋದಲ್ಲ, ಕೇಪ್‌ಟೌನಿನ ನಡು ಊರಾಗಿರೋ ಒಂದು ಹಳೇ ಕಟ್ಟಡಕ್ಕ ಹೋಗೋದು.

ಆ ಕಟ್ಟಡದ ಹೆಸರು ಸ್ಲೇವ್ ಲಾಡ್ಜ್. ಲಾಡ್ಜ್ ಅಂದ್ರ ನಮ್ಮ ಬಸ್‌ಸ್ಟ್ಯಾಂಡ್ ಮುಂದಿನ ಲಾಡ್ಜ್ ಅಲ್ಲ, ಗುಲಾಮರನ್ನ ಕೂಡಿಹಾಕ್ತಿದ್ದ ಜಾಗಾ. 1652ರಾಗ ಡಚ್ ಈಸ್ಟ್ ಇಂಡಿಯಾ ಕಂಪನಿಯ ಯಾನ್ ವಾನ್ ರೀಬೆಕ್ ಅನ್ನಾವ ಕೇಪ್‌ನಾಗ ಇಳದ. ಯುರೋಪಿನಿಂದ ಇತ್ತಕಡೆ ಬರೋ ಹಡಗಿಗೆ ನೀರು, ಕಾಯಿಪಲ್ಯಾ, ಮಾಂಸ ಒದಗಿಸೋ ಠಾಣೆ ಮಾಡೋದು ಅವನ ಕೆಲಸ. ದುಡೀಲಿಕ್ಕೆ ಆಳು ಬೇಕಲ್ಲ, ಅದಕ್ಕ ಸಮುದ್ರದಾಚೆಯಿಂದ ಮಂದೀನ್ನ ಕೊಂಡು ತಂದ್ರು. 1652ರಿಂದ 1808ರ ತನಕಾ ಸುಮಾರು 63 ಸಾವಿರ ಮಂದೀನ್ನ ಹಂಗ ತಂದಾರ ಅಂತ ಇತಿಹಾಸಕಾರರ ಲೆಕ್ಕ. ಅದರಾಗ ಸುಮಾರು ಕಾಲುಭಾಗ ನಮ್ಮ ದೇಶದವರು: ಬಂಗಾಳ, ಮಲಬಾರ, ಕೋರಮಂಡಲ ದಂಡಿಯವರು. ಉಳದವರು ಮಡಗಾಸ್ಕರ್, ಮೊಝಾಂಬಿಕ್, ಇಂಡೋನೇಷ್ಯಾ, ಸಿಂಹಳದ ಕಡೆಯವರು. 1679ರಾಗ ಕಂಪನಿ ತನ್ನ ಗುಲಾಮರಿಗೆ ಈ ಲಾಡ್ಜ್ ಕಟ್ಟಿಸ್ತು. ಒಳಗ ನೂರಾರು ಮಂದಿ, ಗಂಡಸರು, ಹೆಂಗಸರು, ಹುಡುಗ್ರು. ಗಾಳಿ ಬೆಳಕಿಗೆ ಸಣ್ಣ ಸಣ್ಣ ಕಿಂಡಿ ಅಷ್ಟ. ಈಗ ಅದು ವಸ್ತುಸಂಗ್ರಹಾಲಯ.

ಅವರ ಹೆಸರು ಕೇಳಿದ್ರ ಕರಳು ಚುರ್ ಅಂತದ. ಹುಟ್ಟಿದಾಗ ಅವ್ವ ಇಟ್ಟ ಹೆಸರು ಹೋತು. ಕಾಗದದಾಗ ಉಳದದ್ದು ಕೊಂಡವರು ಇಟ್ಟ ಹೆಸರು, ಅದರ ಮುಂದ ಎಲ್ಲಿಂದ ತಂದದ್ದು ಅಂತ ಊರಿನ ಗುರ್ತು: ಬಂಗಾಳದ ಇಂಥಾಕಿ, ಮಲಬಾರದ ಇಂಥಾವ. ಕೆಲವರಿಗಂತೂ ತಿಂಗಳದ ಹೆಸರು, ಸೆಪ್ಟೆಂಬರ್, ಫೆಬ್ರವರಿ ಅಂತ. ಕೇಪ್‌ಟೌನಿನಾಗ ಇವತ್ತಿಗೂ ಸೆಪ್ಟೆಂಬರ್ ಅನ್ನೋ ಅಡ್ಡಹೆಸರಿನ ಮನಿತನ ಅವ.

ಅಂಥಾವರೊಳಗ ಒಬ್ಬಾಕಿ ಆಂಜೆಲಾ, ಬಂಗಾಳದಾಕಿ. 1657ರಾಗ ಅಕೀನ್ನ ಕೇಪಿಗೆ ತಂದು ವಾನ್ ರೀಬೆಕ್‌ಗೆ ಮಾರಿದ್ರು, ಸಂಗಡ ಮಕ್ಕಳು. 1662ರಾಗ ಅವ ಊರು ಬಿಟ್ಟು ಹೋಗೋವಾಗ ಇನ್ನೊಬ್ಬನಿಗೆ ಮಾರಿ ಹೋದ. 1666ರಾಗ ಆ ಎರಡನೇ ಮಾಲಕ ಬಿಡುಗಡಿ ಮಾಡಿದ. ಮರುವರ್ಷ, 1667ರಾಗ, ಅಕೀಗೆ ಕೇಪ್‌ಟೌನಿನಾಗ ಸ್ವಂತ ಜಾಗಾ ಸಿಕ್ಕಿತು. 1669ರಾಗ ಒಬ್ಬ ಡಚ್ಚನ್ನ ಲಗ್ನಾದಳು. 1720ರ ತನಕಾ ಬದುಕಿದ್ದಳು. ಮೂರು ಸಲ ಕೈ ಬದಲಿ ಮಾಡಿದ ಸಾಮಾನಿನಂಗ ಇದ್ದ ಹೆಣ್ಣಮಗಳು ತನ್ನ ಹೆಸರಿನ ಮ್ಯಾಲೆ ಒಂದು ತುಂಡು ನೆಲಾ ಮಾಡಕೊಂಡಳಲ್ಲ, ಅದು ಸಣ್ಣ ಮಾತಲ್ಲ. ನಮ್ಮ ಮನಿಗಳೊಳಗ ಇವತ್ತಿಗೂ ಎಷ್ಟು ಹೆಣ್ಣಮಕ್ಕಳ ಹೆಸರಿಗೆ ಜಾಗಾ ಅದ, ನೀವ ಎಣಿಸಿ ನೋಡ್ರಿ. ಅಕಿ ವಂಶದವರು ಇವತ್ತು ದಕ್ಷಿಣ ಆಫ್ರಿಕಾದ ತುಂಬ ಇದ್ದಾರ, ಬಿಳಿಯರೊಳಗೂ ಇದ್ದಾರ.

ಅದ ವಾನ್ ರೀಬೆಕ್ ಮನಿಯಾಗ ಇನ್ನೊಬ್ಬ ಹುಡುಗಿ ಇದ್ದಳು, ಕ್ರೋಟೋವಾ ಅಂತ. ಅಕಿ ಎಲ್ಲಿಂದಲೋ ತಂದಾಕಿ ಅಲ್ಲ, ಅದ ನೆಲದ ಖೋಯಿ ಮಂದಿಯಾಕಿ. ಸಣ್ಣಾಕಿ ಇದ್ದಾಗ ಮನಿಕೆಲಸಕ್ಕ ಸೇರಿ, ಡಚ್ ಭಾಷಾ ಕಲತು, ಎರಡೂ ಮಂದಿ ನಡುವ ದುಭಾಷಿ ಆದಳು. 1664ರಾಗ ಕಂಪನಿಯ ಒಬ್ಬ ವೈದ್ಯನ ಜೋಡಿ ಲಗ್ನಾತು. ಗಂಡ ಸತ್ತ ಮ್ಯಾಲೆ ಅಕೀನ್ನ ಯಾರೂ ತಮ್ಮಾಕಿ ಅನ್ನಲಿಲ್ಲ. ಕಡೀಕ ಅಕೀನ್ನ ಒಂದು ದ್ವೀಪಕ್ಕ ದಬ್ಬಿದ್ರು. 1674ರಾಗ ತೀರಿಕೊಂಡಳು. ಹೊರಗಿಂದ ತಂದಾಕಿ ಮನಿ ಮಾಡಕೊಂಡಳು, ಆ ನೆಲದಾಕೀಗೆ ನೆಲಾ ಸಿಗಲಿಲ್ಲ. ಒಂದ ಮನಿಯಾಗ ಇದ್ದ ಇಬ್ಬರು ಹೆಣ್ಣಮಕ್ಕಳ ನಸೀಬು ಹಿಂಗ.

ಆ ದ್ವೀಪ ಯಾವದು ಅಂದ್ರ ರಾಬೆನ್ ದ್ವೀಪ. ಕಾಕು ಕೇಳಿದ ಜೇಲು ಅದ. ಎರಡನೇ ದಿನದ್ದು ಅಲ್ಲಿಗೆ.

ಡಚ್ ಭಾಷಾದಾಗ ರಾಬೆನ್ ಅಂದ್ರ ಸೀಲ್ ಪ್ರಾಣಿಗಳು. ಹಡಗಿನವರಿಗೆ ಈ ದ್ವೀಪ ಅಂದ್ರ ಖುಲ್ಲಾ ಬಿಟ್ಟ ಉಗ್ರಾಣ ಇದ್ದಂಗ. ಸೀಲ್ ಕೊಲ್ಲೋದು, ಪೆಂಗ್ವಿನ್ ಕೊಲ್ಲೋದು, ತತ್ತಿ ಬುಟ್ಟಿಗೆ ತುಂಬೋದು. ಹಿಂಗಾಗಿ 1800ರ ಹೊತ್ತಿಗೆ ಅಲ್ಲಿ ಒಂದೂ ಪೆಂಗ್ವಿನ್ ಉಳೀಲಿಲ್ಲ. ಖಾಲಿ ಆದ ದ್ವೀಪದಾಗ ಸರಕಾರದವರು ತಮಗ ಬ್ಯಾಡಾದ ಮನಿಷಾರನ್ನ ಇಟ್ಟುಕೋತ ಬಂದ್ರು: ಎದುರು ನಿಂತ ನಾಯಕರು, ಕುಷ್ಠರೋಗ ಆದವರು, ಬುದ್ಧಿ ಸ್ವಾಧೀನ ಇಲ್ಲದವರು, ಆಮ್ಯಾಲೆ ವರ್ಣಭೇದದ ವಿರುದ್ಧ ಹೋರಾಡಿದವರು. ನೆಲ್ಸನ್ ಮಂಡೇಲಾ ಜೇಲಿನಾಗ ಕಳದ 27 ವರ್ಷದಾಗ 18 ವರ್ಷ ಇಲ್ಲೆ ಇದ್ರು. ಒಂದು ಹೆಜ್ಜಿ ಎರಡು ಹೆಜ್ಜಿ ಹಾಕಿದ್ರ ಮುಗೀತು, ಅಷ್ಟ ಕೋಲಿ. ಹಗಲೆಲ್ಲಾ ಸುಣ್ಣದ ಕಲ್ಲಿನ ಗಣಿಯಾಗ ದುಡಿತ, ಬಿಸಿಲಿನ ಝಳಕ್ಕ ಕಣ್ಣು ಕೆಟ್ಟವು. ಅಂಥಾದರಾಗೂ ಅಂಗಳದ ಮೂಲ್ಯಾಗ ಟೊಮೇಟೊ, ಮೆಣಸಿನಕಾಯಿ, ಉಳ್ಳಾಗಡ್ಡಿ ಬೆಳಸಿದ್ರು. ಹಿತ್ತಲದಾಗ ಒಂದು ಮೆಣಸಿನಗಿಡ ನೆಟ್ಟಾಕೀಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕೈಯಾಗ ಏನೂ ಇಲ್ಲದಾಗ, ಇದು ನಂದು ಅನ್ನೋ ಒಂದು ಸಸಿ ಬೇಕಾಗ್ತದ ಮನಿಷಾಗ.

ಇಲ್ಲೆ ಒಂದು ಸೋಜಿಗ ನೋಡ್ರಿ. 1982ರಾಗ ಮಂಡೇಲಾ ಅವರನ್ನ ಈ ದ್ವೀಪದಿಂದ ಬ್ಯಾರೆ ಜೇಲಿಗೆ ಸಾಗಿಸಿದ್ರು. ಮರುವರ್ಷ 1983ರಾಗ, ಹೆಚ್ಚುಕಮ್ಮಿ ಎರಡನೂರು ವರ್ಷ ಆದ ಮ್ಯಾಲೆ, ಪೆಂಗ್ವಿನ್ ತಾವ ಈಸಿ ಬಂದು ಅಲ್ಲಿ ತತ್ತಿ ಇಟ್ಟವು. ಇದಕ್ಕೂ ಅದಕ್ಕೂ ಸಂಬಂಧ ಕಟ್ಟಬೇಕಾಗಿಲ್ಲ. ಆದ್ರ ದ್ವೀಪ ಸುತ್ತೋವಾಗ ಎರಡೂ ನೆನಪಿನಾಗ ಇರಲಿ. ದ್ವೀಪಕ್ಕ ಹೋದವರಿಗೆ ಜೇಲು ತೋರಿಸಿದವರು ಬಹಳ ಮಂದಿ ಅಲ್ಲೇ ಶಿಕ್ಷಾ ಅನುಭವಿಸಿದವರು. ಅಂಥಾವರ ಬಾಯಿಂದ ಕೇಳೋದು ಇನ್ನ ಎಷ್ಟು ವರ್ಷ ಸಿಗತದ ಹೇಳ್ರಿ?

ಇನ್ನ ಮೂರನೇ ದಿನ. ಸೈಮನ್ಸ್‌ಟೌನ್. ಕೇಪ್‌ಟೌನಿನಿಂದ ಸುಮಾರು 40 ಕಿಲೋಮೀಟರ್. ಕೇಪ್‌ಟೌನಿನ ಮುಖ್ಯ ಬಂದರಿನಾಗ ಚಳಿಗಾಲದ ಬಿರುಗಾಳಿಗೆ ಹಡಗು ಒಡೀತಿದ್ದವು ಅಂತ, ಚಳಿಗಾಲಕ್ಕ ಹಡಗು ಇಲ್ಲೆ ನಿಲ್ಲಬೇಕು ಅಂತ ಡಚ್ ಕಂಪನಿ 1741ರಾಗ ಹುಕುಂ ಮಾಡಿತು. ಆಮ್ಯಾಲೆ ಇಂಗ್ಲಿಷರ ನೌಕಾಪಡೆ, ಈಗ ದಕ್ಷಿಣ ಆಫ್ರಿಕಾದ ನೌಕಾಪಡೆ. ಈ ಊರಿನ ದಂಡಿಗೆ ಬೋಲ್ಡರ್ಸ್ ಅನ್ನೋ ಜಾಗಾ. ಆನಿ ಮಲಗಿದಂಥಾ ದುಂಡನ್ನ ಬಂಡಿಗಲ್ಲು, ನಡುನಡುವ ಬಿಳಿ ಉಸುಕು. 1982ರ ಸುಮಾರಿಗೆ ಎರಡು ಜೋಡಿ ಪೆಂಗ್ವಿನ್ ಬಂದು ಇಲ್ಲೆ ಮನಿ ಹೂಡಿದವು. ಆ ಕೊಲ್ಲಿಯೊಳಗ ದೊಡ್ಡ ಬಲಿ ಹಾಕಿ ಮೀನು ಹಿಡಿಯೋದು ಕಡಿಮಿ ಆಗಿತ್ತು, ಉಣ್ಲಿಕ್ಕೆ ಸಿಗತಿತ್ತು, ಸಂಸಾರ ಬೆಳೀತು. ಸಾವಿರಾರು ಆದವು. ಆಜೂಬಾಜೂ ಮನಿಯವರ ಹೂವಿನ ತೋಟಕ್ಕ ನುಗ್ಗಿ, ರಾತ್ರಿ ಎಲ್ಲಾ ಕತ್ತಿಯಂಗ ಒದರಿ, ಓಣಿ ಜಗಳಾನೂ ಆದವು. ಕಡೀಕ ಬೇಲಿ ಹಾಕಿ, ಮಂದಿಗೆ ಅಡ್ಡಾಡ್ಲಿಕ್ಕೆ ಕಟಗಿ ಹಾದಿ ಮಾಡಿ, ಜಾಗಾ ರಾಷ್ಟ್ರೀಯ ಉದ್ಯಾನದ ಕೈಗೆ ಬಂತು.

ಆದ್ರ ಅದ ಊರಾಗ 1967ರಾಗ ಏನಾಗಿತ್ತು ಗೊತ್ತದೇನು? ಈ ಊರು ಇನ್ನ ಮ್ಯಾಲೆ ಬಿಳಿಯರಿಗೆ ಅಷ್ಟ ಅಂತ ಸರಕಾರ ಸಾರಿತು. ತಲಿತಲಾಂತರದಿಂದ ಇದ್ದ ಏಳು ಸಾವಿರಕ್ಕ ಹೆಚ್ಚು ಮಂದೀನ್ನ ಎಬ್ಬಿಸಿದ್ರು. ಮೀನು ಹಿಡಿಯೋರು, ಗೋದಿಯಾಗ ದುಡಿಯೋರು, ಹೊಲಿಗಿಯವರು, ಅಂಗಡಿ ಇಟ್ಟವರು. ಅವರೊಳಗ ಗುಲಾಮರಾಗಿ ಬಂದ ಹಳೇ ಮಂದಿಯ ಮೊಮ್ಮಕ್ಕಳು ಮರಿಮಕ್ಕಳು ಇದ್ದರು. ಬಹಳ ಮಂದೀನ್ನ ಹಾಕಿದ್ದು ಗುಡ್ಡದ ಆಚೆಗೆ, ಓಷನ್ ವ್ಯೂ ಅನ್ನೋ ಹೊಸ ವಸತಿಗೆ. ಹೆಸರು ನೋಡ್ರಿ, ಸಮುದ್ರದ ನೋಟ ಅಂತ. ಅವರ ಮಸೂತಿ ಮಾತ್ರ ಸೈಮನ್ಸ್‌ಟೌನಿನಾಗ ಇನ್ನೂ ನಿಂತದ. ಮಂದಿ ಹೋದ ಹದಿನೈದು ವರ್ಷಕ್ಕ ಹಕ್ಕಿ ಬಂದವು. ಪೆಂಗ್ವಿನ್ನಿನ ಹಾದಿಗೆ ಹೋಗೋಕಿಂತ ಮೊದಲ ಆ ಮಸೂತಿ ಓಣಿಯಾಗ ಒಂದು ಸುತ್ತು ಹಾಕೂಣು ಅಂತ ನಾ ಹೇಳೋದು ಇದಕ್ಕ.

ಹಕ್ಕಿಗಾದ್ರೂ ಸುಖಾ ಇತ್ತೇನು ಅಂತ ಕೇಳಿದ್ರ, ಅದೂ ಇಲ್ಲ. ಈ ಪೆಂಗ್ವಿನ್ ನೆಲಾ ತೋಡಿ ಬಿಲದಾಗ ತತ್ತಿ ಇಡೋ ಜಾತಿ. ಸಾವಿರಾರು ವರ್ಷ ಹಕ್ಕಿಗಳ ಹಿಕ್ಕಿ ಬಿದ್ದು ಗಟ್ಟಿಯಾಗಿ, ಮಾರುಗಟ್ಟಲೆ ದಪ್ಪ ಪದರ ಆಗಿತ್ತು, ಗ್ವಾನೊ ಅಂತಾರ. ಅದನ್ನ ತೋಡಿದ್ರ ತಂಪಾದ ಮನಿ. 1843ರ ಹೊತ್ತಿಗೆ ಯುರೋಪಿನ ರೈತರಿಗೆ ಈ ಗ್ವಾನೊ ಭಾರೀ ಗೊಬ್ಬರ ಅಂತ ಗೊತ್ತಾತು. ನಮೀಬಿಯಾದ ಇಚಾಬೊ ಅನ್ನೋ ಪುಟ್ಟ ದ್ವೀಪಕ್ಕ ನೂರಾರು ಹಡಗು ಮುಕುರಿದವು. 1845ರ ಹೊತ್ತಿಗೆ ಬರೇ ಬಂಡಿಗಲ್ಲು ಉಳೀತು. ಉಳದ ದ್ವೀಪಗಳದ್ದೂ ಅದ ಹಾಡು. ಬಿಲ ಹೋತು, ಹಕ್ಕಿ ಬಯಲಿಗೆ ಬಂದವು. ಬಿಸಿಲು ತಡೀಲಾರದ ತಾಯಿ-ತಂದಿ ನೀರಿಗೆ ಎದ್ದು ಹೋದ್ರ, ಕಡಲಹಕ್ಕಿ ಬಂದು ತತ್ತಿ ಎತ್ತಿಕೊಂಡು ಹೋಗ್ತಾವ.

ತತ್ತಿ ಮನಿಷಾರೂ ಬಿಡಲಿಲ್ಲ. ಡಾಸೆನ್ ದ್ವೀಪ ಒಂದರಿಂದನ 1900ರಿಂದ 1930ರ ತನಕಾ ಸುಮಾರು 1 ಕೋಟಿ 30 ಲಕ್ಷ ತತ್ತಿ ಎತ್ತಿದ್ರು. ಕೇಪ್‌ಟೌನಿನ ದೊಡ್ಡ ಮನಿ ಊಟದ ಟೇಬಲ್ಲಿಗೆ ಅದೊಂದು ವಿಶೇಷ. ಎಷ್ಟು ಬೇಯಿಸಿದ್ರೂ ಬಿಳಿ ಭಾಗ ಗಾಜಿನಂಗ ಪಾರದರ್ಶಕ ಉಳೀತದಂತ. ಒಂದು ಜೋಡಿ ಇಡೋದು ಎರಡ ತತ್ತಿ. ಗಂಡು ಹೆಣ್ಣು ಪಾಳಿ ಹಚ್ಚಿ ಸುಮಾರು 40 ದಿನ ಕಾವು ಕೂಡತಾವ. 1960ರ ದಶಕದ ಕೊನೀಗೆ ತತ್ತಿ ಎತ್ತೋದು ನಿಂತಿತು. ಆಮ್ಯಾಲೆ ಮೀನಿನ ಪಾಳಿ: ಇವು ತಿನ್ನೋ ಸಾರ್ಡೀನ್, ನಮ್ಮ ಕಾರವಾರದ ಕಡೆ ತಾರ್ಲೆ ಅಂತಾರಲ್ಲ ಅಂಥಾದ್ದು, ಮತ್ತ ಆಂಚೊವಿ, ಎರಡೂ ಮನಿಷಾರ ಡಬ್ಬಿಗೆ, ಹಿಟ್ಟಿಗೆ ಹೋದವು. ನೂರು ವರ್ಷದ ಹಿಂದ ಹತ್ತು ಲಕ್ಷಕ್ಕ ಮ್ಯಾಲೆ ಇದ್ದ ಹಕ್ಕಿ ಈಗ ಎರಡೂ ದೇಶ ಸೇರಿ ಹತ್ತು ಸಾವಿರ ಜೋಡೀನೂ ಇಲ್ಲ. 2024ರಾಗ ಅಳಿವಿನಂಚಿನ ಕಡೇ ಪಟ್ಟಿಗೆ ಇದರ ಹೆಸರು ಸೇರಿಸಿದ್ರು. ಹಿಂಗ ಇಳಕೋತ ಹೋದ್ರ 2035ರ ಹೊತ್ತಿಗೆ ಕಾಡಿನಾಗ ಇವು ಇರಲಿಕ್ಕಿಲ್ಲ ಅಂತಾರ ತಿಳದವರು. ನಮ್ಮ ಮೊಮ್ಮಕ್ಕಳು ಶಾಳಿ ಮುಗಸೋದರಾಗ ಅಂದ್ಹಂಗಾತು.

ಬರೇ ದುಃಖದ್ದ ಹೇಳಿದ್ರ ನೀವು ಬೈತೀರಿ. ಅದಕ್ಕ ಇದನ್ನೂ ಕೇಳ್ರಿ. 1968ರಾಗ ಒಂದು ಹಡಗಿನ ಎಣ್ಣಿ ಸಮುದ್ರಕ್ಕ ಸೋರಿ ಪೆಂಗ್ವಿನ್ ಮೈ ಎಲ್ಲಾ ಡಾಂಬರಿನಂಗ ಆತು. ಎಣ್ಣಿ ಹತ್ತಿದ ಪುಕ್ಕದಾಗ ಥಂಡಿ ನೀರು ಇಳದು ಹಕ್ಕಿ ಸಾಯತಾವ. ಆವಾಗ ಆಲ್ತಿಯಾ ವೆಸ್ಟ್‌ಫಾಲ್ ಅನ್ನೋ ಕೇಪ್‌ಟೌನಿನ ಹೆಣ್ಣಮಗಳು ಅಂಥಾ ಹಕ್ಕಿ ಮನಿಗೆ ತಂದು, ತೊಳದು, ಮೀನು ತಿನಿಸಿ ಆರೈಕಿ ಮಾಡಿದ್ರು. ಅದ ಕೆಲಸ ಸ್ಯಾನ್‌ಕಾಬ್ ಅನ್ನೋ ಸಂಸ್ಥಾ ಆಗಿ ಬೆಳೀತು. 2000ದ ಜೂನ್‌ದಾಗ ಟ್ರೆಷರ್ ಅನ್ನೋ ಹಡಗು ರಾಬೆನ್ ಮತ್ತ ಡಾಸೆನ್ ದ್ವೀಪದ ನಡುವ ಮುಳುಗಿದಾಗ, ಎಣ್ಣಿ ಹತ್ತಿದ ಸುಮಾರು 19 ಸಾವಿರ ಪೆಂಗ್ವಿನ್ ಹಿಡದು ಸಾವಿರಾರು ಮಂದಿ ಕೈಯಿಂದ ತೊಳದ್ರು. ಎಣ್ಣಿ ಹತ್ತದ ಮತ್ತ 19 ಸಾವಿರಕ್ಕ ಹೆಚ್ಚು ಹಕ್ಕಿ ಲಾರಿಯಾಗ ತುಂಬಿ, ಸುಮಾರು 800 ಕಿಲೋಮೀಟರ್ ದೂರದ ಪೋರ್ಟ್ ಎಲಿಜಬೆತ್ ಹತ್ತಿರ ಸಮುದ್ರಕ್ಕ ಬಿಟ್ರು. ಅವು ಈಸಿಕೋತ ಮನಿಗೆ ತಿರುಗಿ ಬರೋದರಾಗ ನೀರು ಸ್ವಚ್ಛ ಆಗಲಿ ಅನ್ನೋ ಹಂಚಿಕಿ. ಬಂದವು ಕಣ್ರೀ! ಪೀಟರ್, ಪರ್ಸಿ, ಪಮೇಲಾ ಅಂತ ಹೆಸರಿಟ್ಟು ಯಂತ್ರ ಕಟ್ಟಿದ ಮೂರು ಹಕ್ಕಿ ಹಾದೀನ್ನ ಊರ ಮಂದಿ ದಿನಾ ನೋಡಿದ್ರು. ತವರಿನ ಹಾದಿ ಯಾರೂ ಹೇಳಿಕೊಡಬೇಕಾಗಿಲ್ಲ ನೋಡ್ರಿ. 2025ರ ಮಾರ್ಚ್‌ದಾಗ, ರಾಬೆನ್ ದ್ವೀಪ ಸೇರಿ ಆರು ನೆಲಿಗಳ ಸುತ್ತ ಹತ್ತು ವರ್ಷ ಸಾರ್ಡೀನ್, ಆಂಚೊವಿ ಬಲಿ ಹಾಕಬಾರದು ಅಂತ ಅಲ್ಲಿನ ಕೋರ್ಟಿನಾಗ ಒಪ್ಪಂದ ಆಗ್ಯದ.

ಈಗ ತಯ್ಯಾರಿ ಮಾತು. ವೀಸಾ ಮೊದಲ ಮಾಡಿಸಿಕೊಳ್ರಿ. ಅಡಿಸ್ ಅಬಾಬಾ, ನೈರೋಬಿ ಮ್ಯಾಲೆ ಹಾಸಿ ಹೋಗೋರು ಹಳದಿ ಜ್ವರದ ಚುಚ್ಚಿಗಿ ನಿಯಮ ಕೇಳಿಕೊಳ್ರಿ. ಏಪ್ರಿಲ್ ಯಾಕ ಅಂದ್ರ ಅಲ್ಲಿ ಬ್ಯಾಸಗಿ ಮುಗದಿರತದ, ಚಳಿಗಾಲದ ಮಳಿ ಪೂರಾ ಹಿಡದಿರಂಗಿಲ್ಲ, ಪೆಂಗ್ವಿನ್ ತತ್ತಿ ಮರಿ ಕಾಲ. ರಾಬೆನ್ ದ್ವೀಪದ ಹಡಗಿನ ತಿಕೀಟು ಮೊದಲ ತಗೀಬೇಕು, ಹೋಗಿಬರೋದಕ್ಕ ಮೂರುವರಿ ತಾಸು. ಗಾಳಿ ಜೋರಾದ್ರ ಹಡಗು ಬಿಡಂಗಿಲ್ಲ. ಅದಕ್ಕ ಅದನ್ನ ಕಡೇ ದಿನಕ್ಕ ಇಟ್ಟಿಲ್ಲ. ಹಡಗು ರದ್ದಾದ್ರ ಸೈಮನ್ಸ್‌ಟೌನ್ ಎರಡನೇ ದಿನಕ್ಕ ತರೂದು. ಕಾಕುನ ಮೊಣಕಾಲಿಗೆ ಕಟಗಿ ಹಾದಿ ತ್ರಾಸ ಆಗಂಗಿಲ್ಲ, ಬಂಡಿಗಲ್ಲಿನ ಸಂದ್ಯಾಗ ನುಸುಳೋದು ಮಾತ್ರ ಬ್ಯಾಡ.

ಊಟದ ಚಿಂತಿ ಬ್ಯಾಡ್ರಿ. ಗುಲಾಮರಾಗಿ ಬಂದವರ ಕೈರುಚಿ ಆ ಊರಿನ ಅಡಿಗಿಮನಿಯಾಗ ಉಳದದ. ಉಪ್ಪಿನಕಾಯಿಗೆ ಅಲ್ಲಿ ಅಚಾರ್ ಅಂತನ ಅಂತಾರ, ರೊಟ್ಟಿಗೆ ರೋಟಿ ಅಂತನ ಅಂತಾರ. ಸಮೋಸಾನೂ ಸಿಗತದ, ಒಳಗ ಖೀಮಾ ಇರಬಹುದು, ಕೇಳಿ ತಗೋಳ್ರಿ. ಚಟ್ನಿಪುಡಿ ನಾ ಇಟಗೋತೇನಿ.

ಪೆಂಗ್ವಿನ್ ಹತ್ತಿರ ಹೋದಾಗ ನಡಾವಳಿ ಹೆಂಗಿರಬೇಕು ಅನ್ನೋದು ನಮಗ ಯಾರೂ ಕಲಸಬೇಕಾಗಿಲ್ಲ. ಬಾಣಂತಿ ಖೋಲಿಗೆ ಹೆಂಗ ಹೋಗ್ತೀವಿ? ಚಪ್ಪಲ್ ಸಪ್ಪಳ ಮಾಡಂಗಿಲ್ಲ, ಕೂಸು ಎತ್ತಿಕೊಡು ಅಂತ ಹಟಾ ಮಾಡಂಗಿಲ್ಲ, ಬಾಗಲಿಗೆ ಅಡ್ಡ ನಿಂದ್ರಂಗಿಲ್ಲ, ಹೊತ್ತು ನೋಡಿ ಎದ್ದು ಬರತೀವಿ. ಅಷ್ಟ ಮಾಡಿದ್ರ ಸಾಕು. ಮುಟ್ಟೋದು ಬ್ಯಾಡ, ಕಡಿಯೋ ಕೊಕ್ಕು ಚೂಪಾಗಿರತದ. ತಿನ್ಲಿಕ್ಕೆ ಏನೂ ಒಗೀಬ್ಯಾಡ್ರಿ. ಸಣ್ಣ ನಾದನಿಗೆ ಫೋಟೋ ಸಿಗತದ, ಕಟಗಿ ಹಾದಿ ಮ್ಯಾಲೆ ನಿಂತ ತಗಸಕೋಬೇಕು.

ಕೇಪ್‌ಟೌನಿನಾಗ ಇನ್ನ ಒಂದರ್ಧಾ ದಿನ ಉಳದ್ರ ಪ್ಯಾಟಿಗೂ ಹೋಗೂಣು, ಯಾರು ಬ್ಯಾಡಂತಾರ? ಬರೋರು ಇನ್ನ ಯಾರಾದರೂ ಇದ್ರ ಈ ತಿಂಗಳ ಕೊನೀದರಾಗ ವೈನಿಗೆ ತಿಳಸ್ರಿ, ದ್ವೀಪದ ತಿಕೀಟು ಅವರ ತಗೀಲಿಕ್ಕತ್ತಾರ.